ಖಾಲಿ ಕಾರಿನ ಫ್ಯಾನು

ಡೊಂಬಿವಲಿ ಪೂರ್ವದ ಸ್ಟೇಷನ್ ರಸ್ತೆಯಲ್ಲಿರುವ ತಾರಾನಾಥರ ವೆಜ್ ಹೋಟೆಲಿಗೆ ಹೋದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಅಲ್ಲಿ ಕಾಫಿಯ ಕೊನೆಯ ಗುಟುಕು ಮುಗಿಸಿ, ಲೋಟ ಕೆಳಗಿಟ್ಟು ಎದ್ದೇಳುವಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಂತಿರುತ್ತದೆ. ಗಲ್ಲಾಪೆಟ್ಟಿಗೆಯ ಬಲಕ್ಕೆ ಹದಿನಾಲ್ಕು ಸ್ವಿಚ್ಚುಗಳ ಒಂದು ಬೋರ್ಡು, ಹದಿನಾಲ್ಕು ಟೇಬಲಿಗೆ ಹದಿನಾಲ್ಕು ಫ್ಯಾನು. ಗಿರಾಕಿ ಕುರ್ಚಿ ಎಳೆದ ಸದ್ದಿಗೆ ಫ್ಯಾನು ತಿರುಗಬೇಕು, ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ನಿಲ್ಲಬೇಕು. ಇಪ್ಪತ್ತೆಂಟು ವರ್ಷಗಳಿಂದ ತಾರಾನಾಥರು ಎಡಗೈಯಲ್ಲಿ ಬಿಲ್ಲುಗಳನ್ನು ಮೊಳೆಗೆ ಚುಚ್ಚುತ್ತ ಬಲಗೈಯಲ್ಲಿ ಈ ಕೆಲಸ ಮಾಡಿಕೊಂಡು ಬಂದಿದ್ದರು. ಬೋರ್ಡಿನ ಕಡೆ ಕಣ್ಣು ಹಾಯಿಸುವ ಅಗತ್ಯವೂ ಅವರಿಗೆ ಬೀಳುತ್ತಿರಲಿಲ್ಲ.

ಇದನ್ನು ಜಿಪುಣತನ ಎಂದು ಆಡಿಕೊಳ್ಳುವವರಿದ್ದರು. ಅದು ಅನ್ಯಾಯದ ಮಾತು. ಬೆವರುವ ಮನುಷ್ಯನೊಬ್ಬ ಕಣ್ಣೆದುರಿಗೆ ಬಂದರೆ, ಅವನು ಗಿರಾಕಿಯೇ ಆಗಲಿ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೇ ಆಗಲಿ, ತಾರಾನಾಥರ ಕೈ ತಾನಾಗಿ ಹೋಗಿ ಅವನಿಗೊಂದು ಫ್ಯಾನು ಹಾಕುತ್ತಿತ್ತು. ಮನುಷ್ಯನಿದ್ದಲ್ಲಿ ಗಾಳಿ, ಇಲ್ಲದಲ್ಲಿ ಇಲ್ಲ. ಅವರ ವೇದಾಂತ ಇಷ್ಟೇ ಇತ್ತು.

ಇಂಥವರು ಎರಡು ಸಾವಿರದ ಹನ್ನೊಂದರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಬಿಳಿಯ ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಹುಡುಕಿ ಕೊಟ್ಟವನು ಚನಿಯ. ಚನಿಯನದು ಮಾನಪಾಡ ರಸ್ತೆಯಲ್ಲಿ ಗ್ಯಾರೇಜು. ತಾರಾನಾಥರ ಹಾಗೆ ಅವನೂ ಉಡುಪಿಯ ಕಡೆಯವನೇ. ಇಬ್ಬರೂ ಒಂದೇ ವರ್ಷ ಊರು ಬಿಟ್ಟು ಬಂದವರು. ಠಾಣೆಯಿಂದ ಕಲ್ಯಾಣದವರೆಗಿನ ನಮ್ಮ ಹೋಟೆಲಿನವರ ಕಾರುಗಳೆಲ್ಲ ಚನಿಯನ ಗ್ಯಾರೇಜಿಗೇ ಹೋಗುತ್ತಿದ್ದವು. ಅದಕ್ಕೆ ಕಾರಣ ತಾರಾನಾಥರ ಒಂದೇ ಮಾತು: "ಚನಿಯನ ಹತ್ರ ಕೊಡಿ, ಮತ್ತೆ ನೋಡ್ಲಿಕ್ಕೆ ಇಲ್ಲ." ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬಂದ ಮಾತಿಗೆ ನಮ್ಮವರಲ್ಲಿ ತೂಕ ಹೆಚ್ಚು.

ಕಾರು ಬಂದ ದಿನ ಸಂಜೆ ತಾರಾನಾಥರು ಹೆಂಡತಿ ಜಯಲತಾ ಅವರನ್ನು ಕೂರಿಸಿಕೊಂಡು ಕಲ್ಯಾಣದವರೆಗೆ ಹೋಗಿ ಬಂದರು. ತಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಕಾರು ನಿಲ್ಲಿಸಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಹತ್ತು ಹೆಜ್ಜೆ ನಡೆದಿದ್ದರೋ ಇಲ್ಲವೋ, ಹಿಂದಿನಿಂದ ಗುಂಯ್ ಎಂದು ಫ್ಯಾನು ತಿರುಗುವ ಸದ್ದು ಕೇಳಿಸಿತು. ಅವರ ಕಾಲು ನೆಲಕ್ಕೆ ಅಂಟಿಕೊಂಡಿತು.

"ಒಳಗೆ ಯಾರೂ ಇಲ್ಲ," ಎಂದರು. "ಆದ್ರೂ ಫ್ಯಾನು ತಿರುಗ್ತಾ ಉಂಟು."

"ತಿರುಗಿದ್ರೆ ತಿರುಗ್ಲಿ. ಅನ್ನ ತಣ್ಣಗಾಗ್ತದೆ, ಬನ್ನಿ," ಎಂದರು ಜಯಲತಾ.

ಆದರೆ ಅನ್ನ ತಾರಾನಾಥರ ಗಂಟಲಿನಲ್ಲಿ ಇಳಿಯಲಿಲ್ಲ. ಖಾಲಿ ಕಾರಿನಲ್ಲಿ ಫ್ಯಾನು ತಿರುಗುವುದನ್ನು ನೋಡಿಯೂ ಊಟ ಮಾಡುವುದು ಅವರಿಂದಾಗುವ ಕೆಲಸವಾಗಿರಲಿಲ್ಲ. ಮರುದಿನವೂ ಹಾಗೇ ಆಯಿತು. ಚನಿಯನನ್ನು ಕೇಳಬಹುದಿತ್ತು. ಆದರೆ ಕಾರು ಕೊಂಡು ಮೂರು ದಿನವಾಗಿಲ್ಲ, ಆಗಲೇ ಮೆಕ್ಯಾನಿಕ್ಕಿನ ಮುಂದೆ ಹೋಗಿ ನಿಂತರೆ ಮರ್ಯಾದೆ ಉಳಿಯುತ್ತದೆಯೇ? ಅದೂ ಅಲ್ಲದೆ ಇದು ಫ್ಯಾನಿನ ಕೆಲಸ, ಅಂದರೆ ಎಲೆಕ್ಟ್ರಿಷಿಯನ್ನನ ಕೆಲಸ. ಹೋಟೆಲಿನ ಹದಿನಾಲ್ಕು ಸ್ವಿಚ್ಚಿನ ಬೋರ್ಡು ಕೂರಿಸಿದ ಉಲ್ಹಾಸನಗರದ ಮನೀಶನಿಗೆ ಹೇಳಿ ಕಳುಹಿಸಿದರು.

ಮನೀಶ ಬಾನೆಟ್ಟು ಎತ್ತಿ ನೋಡಿ ತಲೆ ಕೆರೆದುಕೊಂಡ. ಕಾರಿನ ಫ್ಯಾನು ತಾನಾಗಿ ತಿರುಗುವಂಥದ್ದು ಎಂದ: "ಸೇಠ್, ಗಾಡಿ ಕಾ ಫ್ಯಾನ್ ಅಪನೇ ಆಪ್ ಚಲ್ತಾ ಹೈ."

"ಅಪನೇ ಆಪ್ ಕೈಕೊ? ಹಮ್ ಹೈ ನಾ?" ಎಂದರು ತಾರಾನಾಥರು. ತಾವಿರುವಾಗ ಅದು ತಾನಾಗಿ ಯಾಕೆ ತಿರುಗಬೇಕು?

ಮನೀಶ ಕಾರಿನವರು ಎಳೆದಿದ್ದ ವಯರನ್ನು ಕತ್ತರಿಸಿ, ಬ್ಯಾಟರಿಯಿಂದ ನೇರವಾಗಿ ಬೇರೊಂದು ವಯರು ಎಳೆದು, ಸ್ಟೇರಿಂಗಿನ ಕೆಳಗೆ ಕಣ್ಣಿಗೆ ಬೀಳದ ಹಾಗೆ ಒಂದು ಪುಟ್ಟ ಕಪ್ಪು ಸ್ವಿಚ್ಚು ಕೂರಿಸಿದ. ಒತ್ತಿದರೆ ಫ್ಯಾನು ತಿರುಗಬೇಕು, ಒತ್ತದಿದ್ದರೆ ತೆಪ್ಪಗಿರಬೇಕು. ತಾರಾನಾಥರು ಒತ್ತಿ ನೋಡಿದರು. ಗಾಳಿ ಕಾರಿನೊಳಗೆ ಬರಲಿಲ್ಲ, ಮುಂದೆ ಬಗ್ಗಿ ನಿಂತಿದ್ದ ಮನೀಶನ ಕೂದಲು ಮಾತ್ರ ಹಾರಿತು. ಬಾನೆಟ್ಟು ಎತ್ತಿ ಕೆಲಸ ಮಾಡುವವನಿಗೆ ಸೆಕೆಯಾಗದಿರಲಿ ಎಂದು ಕಾರು ಮಾಡಿದವರು ಕೊಟ್ಟ ಅನುಕೂಲ ಇದು ಎಂದು ಅವರು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟರು. ಒಳ್ಳೆಯ ಏರ್ಪಾಡು ಎಂದು ಮೆಚ್ಚಿಕೊಂಡರು ಕೂಡ. ಆ ರಾತ್ರಿ ಮೂರು ಸಲ ಅನ್ನ ಹಾಕಿಸಿಕೊಂಡರು.

ವಾರ ಕಳೆದು ಶೀಳಫಾಟಾದ ನಾಕೆಯಲ್ಲಿ, ರಸ್ತೆಗಳು ಕೂಡುವ ಕಡೆ, ಹಿಂದೆ ನೀರಿನ ಟ್ಯಾಂಕರು, ಮುಂದೆ ಕಂಟೇನರ್ ಲಾರಿ, ಮುಕ್ಕಾಲು ಗಂಟೆ ನಿಂತಲ್ಲೇ ನಿಂತಾಗ ಕಾರಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಹೊರಟಿತು.

ಸೊಸೈಟಿಯ ಮೂರನೆಯ ಮಹಡಿಯಲ್ಲಿ ಬೆಂಗಳೂರಿನ ಹೃಷಿಕೇಶ್ ಎಂಬ ಸಾಫ್ಟ್‌ವೇರ್ ಹುಡುಗನಿದ್ದ. ಎಲ್ಲ ವಿಷಯವನ್ನೂ ನೆಟ್ಟಿನಲ್ಲಿ ಓದಿ ಬಂದೇ ಮಾತಾಡುವವನು. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದ: "ಸಾರ್, ರೋಡ್ ಖಾಲಿ ಇದ್ರೆ ಸರಿಯಾಗಿರತ್ತೆ, ಟ್ರಾಫಿಕ್ಕಲ್ಲಿ ನಿಂತಾಗ ಮಾತ್ರ ಬಿಸಿ ಆಗತ್ತೆ. ಅಂದ್ರೆ ನೂರಕ್ಕೆ ತೊಂಬತ್ತು ಭಾಗ ಫ್ಯಾನ್ ಪ್ರಾಬ್ಲಮ್ಮೇ."

ತಾರಾನಾಥರು ನಕ್ಕರು. "ಫ್ಯಾನಿನ ವಿಷಯ ನನಗೆ ಹೇಳ್ಬೇಡಿ ಮಾರಾಯ್ರೆ. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡ್ತಾ ಇದ್ದೇನೆ." ಒಳಗೆ ಕೈ ಹಾಕಿ ಸ್ವಿಚ್ಚು ಒತ್ತಿದರು. ಫ್ಯಾನು ಭರ್ರೆಂದು ತಿರುಗಿತು. "ನೋಡಿ. ಫಸ್ಟ್ ಕ್ಲಾಸ್ ಉಂಟು."

"ಹೌದಲ್ಲಾ," ಎಂದು ಹೃಷಿಕೇಶ್ ಗಲ್ಲ ತುರಿಸಿಕೊಂಡ. "ಹಾಗಾದ್ರೆ ಥರ್ಮೋಸ್ಟ್ಯಾಟ್ ಇರಬೇಕು ಬಿಡಿ." ಅವನು ಹೋದ ಮೇಲೆ ತಾರಾನಾಥರು ಸ್ವಿಚ್ಚು ಆರಿಸಿದರು.

ಚನಿಯನ ಗ್ಯಾರೇಜಿನಲ್ಲಿ ಮಾತುಕತೆ ನಡೆದದ್ದು ತುಳುವಿನಲ್ಲಿ. ನಾವು ಕನ್ನಡದಲ್ಲಿ ಹೇಳುತ್ತಿದ್ದೇವೆ. ಅವನು ಮೊದಲು ಕೇಳಿದ್ದೇ ಇದು: "ತಾರಣ್ಣ, ನೀವು ಯಾವುದಕ್ಕಾದ್ರೂ ಕೈ ಹಾಕಿದ್ದೀರಾ? ವಯರು ಗಿಯರು ಏನಾದ್ರೂ?"

"ನಾನಾ? ನನಗೆ ಎಂತ ಗೊತ್ತುಂಟು? ಮುಟ್ಟಲೇ ಇಲ್ಲ ಮಾರಾಯ."

ಅವರು ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಯಾವ ದೇವರ ಮುಂದೆ ನಿಲ್ಲಿಸಿದರೂ ಅದೇ ಮಾತು ಹೇಳುತ್ತಿದ್ದರು. ವಯರಿಗೆ ಕೈ ಹಾಕಿದವನು ಮನೀಶ. ಇನ್ನು ಬೇಡದ ಫ್ಯಾನು ಆರಿಸುವುದು ಅವರ ಮಟ್ಟಿಗೆ ಒಂದು ಕೆಲಸವೇ ಆಗಿರಲಿಲ್ಲ, ಉಸಿರಾಡಿದ ಹಾಗೆ ಇತ್ತು.

ಚನಿಯ ಅವರನ್ನು ಸ್ಟೇರಿಂಗಿನ ಮುಂದೆ ಕೂರಿಸಿ, "ಸ್ವಲ್ಪ ರೇಸ್ ಕೊಡಿ," ಎಂದು ಬಾನೆಟ್ಟಿನೊಳಗೆ ತಲೆ ಹಾಕಿದ. ಏಪ್ರಿಲ್ ತಿಂಗಳು, ಮೇಲೆ ತಗಡಿನ ಮಾಡು, ಎದುರಿಗೆ ಉರಿಯುವ ಇಂಜಿನ್. ಚನಿಯನ ಕುತ್ತಿಗೆಯಿಂದ ಬೆವರು ಧಾರೆಯಾಗಿ ಇಳಿಯಿತು. ತಾರಾನಾಥರ ಬಲಗೈ ಸುಮ್ಮನಿದ್ದೀತೇ? ಸ್ವಿಚ್ಚು ಒತ್ತಿಯೇಬಿಟ್ಟಿತು. ಫ್ಯಾನು ತಿರುಗಿತು. ಚನಿಯ ನೀರು ಕುಡಿಯಲು ಆಚೆ ಹೋದ, ಫ್ಯಾನು ನಿಂತಿತು. ಮತ್ತೆ ಬಂದು ಬಗ್ಗಿದ, ಮತ್ತೆ ತಿರುಗಿತು. ಹೀಗೆ ಅರ್ಧ ಗಂಟೆ ನಿಂತಲ್ಲೇ ಇಂಜಿನ್ ಓಡಿದರೂ ಮುಳ್ಳು ಅಲುಗಲಿಲ್ಲ.

"ಫ್ಯಾನು ಸರಿ ಉಂಟು," ಎಂದ ಚನಿಯ. ರೇಡಿಯೇಟರ್ ತೊಳೆದು ಕೊಟ್ಟ. ನಾಲ್ಕು ದಿನದಲ್ಲಿ ಕಾರು ಮಾನಪಾಡ ನಾಕೆಯಲ್ಲಿ ಕುದಿಯಿತು. ಥರ್ಮೋಸ್ಟ್ಯಾಟ್ ಬದಲಿಸಿದ. ಕಲ್ಯಾಣದ ಪತ್ರಿ ಪೂಲ್ ಸೇತುವೆಯ ಮೇಲೆ ಕುದಿಯಿತು. ಇಂಜಿನಿಗೆ ನೀರು ಸುತ್ತಿಸುವ ಪಂಪನ್ನೇ ತೆಗೆದು ಹೊಸದು ಕೂರಿಸಿದ. ಪ್ರತಿ ಸಲವೂ ತಾರಾನಾಥರು ಸ್ಟೇರಿಂಗಿನ ಮುಂದೆ ಕೂತು ಅವನಿಗೆ ಗಾಳಿ ಹಾಕಿದರು, ಪ್ರತಿ ಸಲವೂ ಗ್ಯಾರೇಜಿನಲ್ಲಿ ಕಾರು ಹಸುವಿನಂತೆ ನಡೆದುಕೊಂಡಿತು.

ಮೂರನೆಯ ಸಲ ಕಾರು ಒಪ್ಪಿಸುವಾಗ ಚನಿಯ ಕೈ ಒರೆಸಿಕೊಳ್ಳುತ್ತ ಒಂದು ಮಾತು ಕೇಳಿಕೊಂಡ. ಇಷ್ಟು ವರ್ಷಗಳಲ್ಲಿ ಅವನು ಕೇಳಿದ ಮೊದಲ ಉಪಕಾರ. ಖಾರಘರದಲ್ಲಿ ಹೋಟೆಲಿಟ್ಟಿರುವ ಜಗನ್ನಾಥರು ಅಲ್ಲಿನ ಒಂದು ಶಾಲೆಯ ಕಮಿಟಿಯಲ್ಲಿದ್ದರು. ಶಾಲೆಯ ಹನ್ನೊಂದು ಬಸ್ಸುಗಳ ರಿಪೇರಿ ಕೆಲಸವನ್ನು ಜೂನಿನಿಂದ ಯಾರಿಗಾದರೂ ಕೊಡುವವರಿದ್ದರು. "ಅದು ಸಿಕ್ಕಿದ್ರೆ ನಾನು ಬದುಕಿದೆ ಅಣ್ಣ. ಪಕ್ಕದ ಶೆಡ್ ಕೂಡ ಹಿಡಿದಿದ್ದೇನೆ. ಜಗನ್ನಾಥಣ್ಣ ನಿಮ್ಮ ಮಾತು ತೆಗೆದುಹಾಕುವವರಲ್ಲ."

"ಬರುವ ಭಾನುವಾರ ಅವರ ಹೊಸ ಹೋಟೆಲಿನ ಉದ್ಘಾಟನೆ ಉಂಟಲ್ಲ. ಅಲ್ಲೇ ಹೇಳ್ತೇನೆ, ಆಯ್ತಾ?" ಎಂದರು ತಾರಾನಾಥರು. ಮನಸ್ಸಿನಿಂದಲೇ ಹೇಳಿದರು.

ಭಾನುವಾರ ಜಯಲತಾ ರೇಷ್ಮೆ ಸೀರೆ ಉಟ್ಟರು. ತಾರಾನಾಥರು ಬಿಳಿ ಪಂಚೆ, ಬಿಳಿ ಶರ್ಟು. ಹನ್ನೊಂದಕ್ಕೆ ಖಾರಘರದಲ್ಲಿರಬೇಕಾದವರು ಹನ್ನೊಂದೂವರೆಗೆ ಶೀಳಫಾಟಾದಲ್ಲಿ ಹಬೆಯ ನಡುವೆ ನಿಂತಿದ್ದರು. ಜಯಲತಾ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಈ ಕಾರಿಗೆ ಗಾಳಿಯೇ ಇಲ್ಲ," ಎಂದರು. ಇದಕ್ಕಿಂತ ಸರಿಯಾದ ಮಾತನ್ನು ಆ ಕಾರಿನ ಬಗ್ಗೆ ಅಂದಿನವರೆಗೆ ಯಾರೂ ಹೇಳಿರಲಿಲ್ಲ, ಆದರೆ ಕೇಳಿಸಿಕೊಳ್ಳಬೇಕಾದವರು ರಸ್ತೆಗೆ ಅಡ್ಡ ನಿಂತು ಟೆಂಪೋ ಒಂದಕ್ಕೆ ಕೈ ಮಾಡುತ್ತಿದ್ದರು.

ಸಿಕ್ಕಿದ ಟೆಂಪೋ ಅದೇ ಉದ್ಘಾಟನೆಗೆ ಮೊಸರಿನ ಕ್ಯಾನು ಸಾಗಿಸುತ್ತಿತ್ತು. ಜಯಲತಾ ಡ್ರೈವರಿನ ಪಕ್ಕ ಕೂತರು, ತಾರಾನಾಥರು ಹಿಂದೆ ಕ್ಯಾನುಗಳ ನಡುವೆ ನಿಂತರು. ಟೆಂಪೋದವನು ಕ್ಯಾನು ಇಳಿಸುವ ಕಡೆಯೇ ಇವರನ್ನೂ ಇಳಿಸಿದ. ಹೀಗೆ ಠಾಣೆ-ಕಲ್ಯಾಣದ ಹೋಟೆಲಿನವರಲ್ಲಿ ಹಿರಿಯರೆನಿಸಿಕೊಂಡ ತಾರಾನಾಥರು, ಪಂಚೆಯ ತುಂಬ ಮೊಸರು ಚೆಲ್ಲಿಕೊಂಡು, ಹೊಸ ಹೋಟೆಲಿಗೆ ಅಡುಗೆಮನೆಯ ಬಾಗಿಲಿನಿಂದ ಪ್ರವೇಶ ಮಾಡಿದರು.

ಮೂವತ್ತು ಮಂದಿ ಹೋಟೆಲಿನವರು ಎಲೆಯ ಮುಂದೆ ಕೂತಿದ್ದರು. ಜಗನ್ನಾಥರು ನೋಡಿ, "ಇದೆಂತ ತಾರಾನಾಥರೇ, ಬಡಿಸ್ಲಿಕ್ಕೆ ಬಂದದ್ದಾ?" ಎಂದರು. ಮೂವತ್ತು ಮಂದಿಯೂ ನಕ್ಕರು.

ಆ ನಗುವಿನಲ್ಲಿ ತಾರಾನಾಥರ ತಲೆ ಕಾರಿಗಿಂತ ಹೆಚ್ಚು ಕುದಿಯಿತು. "ಆ ಚನಿಯ," ಎಂದರು. "ಮೂರು ಸಲ ಬಿಚ್ಚಿದ. ಮೂರು ಸಲವೂ ಸರಿ ಆಯ್ತು ಅಂದ. ಅವನಿಗೆ ಸ್ಪಾನರ್ ಹಿಡಿಯಲಿಕ್ಕೆ ಬರುವುದಿಲ್ಲ."

ನಗು ನಿಂತಿತು. "ಹೌದಾ?" ಎಂದರು ಜಗನ್ನಾಥರು. "ಅವನಿಗೆ ಶಾಲೆಯ ಬಸ್ಸು ಕೊಡುವಾ ಅಂತಿದ್ದೆ ನಾನು."

ಜಯಲತಾ ಹಿಂದಿನಿಂದ ಗಂಡನ ಶರ್ಟು ಎಳೆದರು. ಚನಿಯನಿಗೆ ಕೊಟ್ಟ ಮಾತು ತಾರಾನಾಥರಿಗೆ ನೆನಪಾಗದೆ ಇರಲಿಲ್ಲ. ಆದರೆ ಪಂಚೆಯಿಂದ ಮೊಸರು ಇನ್ನೂ ತೊಟ್ಟಿಕ್ಕುತ್ತಿತ್ತು. "ಮಕ್ಕಳ ವಿಷಯ. ನೀವೇ ಯೋಚನೆ ಮಾಡಿ," ಎಂದುಬಿಟ್ಟರು.

ಬಸ್ಸುಗಳು ಪನವೇಲಿನ ಯಾರಿಗೋ ಹೋದವು. ಅಷ್ಟಕ್ಕೇ ಮುಗಿಯಲಿಲ್ಲ. ಅಂದು ಎಲೆಯ ಮುಂದೆ ಕೂತಿದ್ದ ಮೂವತ್ತು ಮಂದಿಯೂ ತಮ್ಮ ಕಾರುಗಳು ಯಾವ ಯಾವ ದಿನ ಎಲ್ಲೆಲ್ಲಿ ಕೆಮ್ಮಿದವು ಎಂದು ನೆನಪು ಮಾಡಿಕೊಳ್ಳತೊಡಗಿದರು. ಭಿವಂಡಿಯಲ್ಲಿ ಟೈರು ಪಂಕ್ಚರಾದದ್ದೂ ಚನಿಯನ ಲೆಕ್ಕಕ್ಕೇ ಬಿತ್ತು. ತಿಂಗಳಾಗುವಷ್ಟರಲ್ಲಿ ಅವನ ಗ್ಯಾರೇಜಿನ ಮುಂದೆ ನಮ್ಮವರ ಒಂದು ಕಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಚನಿಯ ಹೋಟೆಲಿಗೆ ಬಂದ. ಯಾವಾಗಲೂ ಕೂರುವ, ಗಲ್ಲಾಪೆಟ್ಟಿಗೆಯ ಹತ್ತಿರದ ಟೇಬಲಿನಲ್ಲೇ ಕೂತ. ಕಾಫಿ ಬಂತು. "ತಾರಣ್ಣ, ನೀವು ಹಾಗೆ ಹೇಳಿದ್ದಾ?" ಎಂದು ಕೇಳಿದ.

ತಾರಾನಾಥರು ಬಿಲ್ಲು ಚುಚ್ಚುವುದರಲ್ಲಿ ಮಗ್ನರಾದರು. "ಕಾರು ಕುದಿಯುವುದು ಹೌದಲ್ವಾ ಚನಿಯ?" ಎಂದರು ತಲೆ ಎತ್ತದೆ.

"ಹೌದು," ಎಂದ ಚನಿಯ. "ಅದು ಹೌದು." ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದ. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ತಾರಾನಾಥರ ಬಲಗೈ ಅವನ ತಲೆಯ ಮೇಲಿನ ಫ್ಯಾನನ್ನು ಆರಿಸಿತು. ಅವನಿನ್ನೂ ಬಾಗಿಲು ದಾಟಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಗ್ಯಾರೇಜಿಗೆ ಬೀಗ ಬಿತ್ತು. ಚನಿಯ ಬದಲಾಪುರಕ್ಕೆ ಹೋದನೆಂದು ಯಾರೋ ಹೇಳಿದರು.

ತಾರಾನಾಥರು ಕಾರನ್ನು ನವಿ ಮುಂಬಯಿಯ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದರು. ಅಲ್ಲಿ ಕಾರಿನ ಮಾಲೀಕರಿಗೆ ಕಾರಿನ ಹತ್ತಿರ ನಿಲ್ಲುವ ಹಕ್ಕಿಲ್ಲ. ಕೀಲಿಕೈ ಇಸಿದುಕೊಂಡು, ಒಂದು ಚೀಟಿ ಕೊಟ್ಟು, ಎಸಿ ಕೋಣೆಯಲ್ಲಿ ಸೋಫಾದ ಮೇಲೆ ಕೂರಿಸಿದರು. ಗಾಜಿನ ಗೋಡೆಯ ಆಚೆ ಒಬ್ಬ ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಬಗ್ಗಿ ಬೆವರುತ್ತಿದ್ದ. ತಾರಾನಾಥರ ಬಲಗೈ ತೊಡೆಯ ಮೇಲೆ ಚಡಪಡಿಸಿತು. ಎದ್ದು ಹೋಗಿ, "ಅವನಿಗೆ ಫ್ಯಾನು ಹಾಕಿ ಬರ್ತೇನೆ," ಎಂದು ಕೌಂಟರಿನ ಹುಡುಗಿಗೆ ಹೇಳಿದರು. ಅವಳು ಅವರನ್ನು ಮತ್ತೆ ಸೋಫಾದ ಮೇಲೆ ಕೂರಿಸಿ ಕುಡಿಯಲು ನೀರು ಕೊಟ್ಟಳು.

ಹತ್ತೇ ನಿಮಿಷದಲ್ಲಿ ಸೂಪರ್‌ವೈಸರ್ ಬಂದ. ಫ್ಯಾನಿನ ವಯರು ಕತ್ತರಿಸಿ ಸ್ವಿಚ್ಚು ಹಾಕಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದ. ತಾರಾನಾಥರು ತಮ್ಮ ಮುಂಬಯಿ ಹಿಂದಿಯಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ, ಎಲ್ಲವನ್ನೂ ವಿವರಿಸಿದರು. ಖಾಲಿ ಕಾರು, ತಿರುಗುವ ಫ್ಯಾನು, ಮನೀಶ, ಬಾನೆಟ್ಟು ಎತ್ತಿದವನಿಗೆ ಗಾಳಿ. ಸೂಪರ್‌ವೈಸರ್ ನಡುವೆ ತಡೆದು, "ಕಾಕಾ, ಏಕ್ ಮಿನಿಟ್," ಎಂದು ಒಳಗೆ ಹೋಗಿ ಇನ್ನೂ ನಾಲ್ವರನ್ನು ಕರೆದುಕೊಂಡು ಬಂದು, ಮೊದಲಿನಿಂದ ಹೇಳಿ ಎಂದ. ಅವರು ಮೊದಲಿನಿಂದ ಹೇಳಿದರು. ಐವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು.

ನಗು ಮುಗಿದ ಮೇಲೆ ಸೂಪರ್‌ವೈಸರ್ ಕಣ್ಣೊರೆಸಿಕೊಂಡು ಸಮಾಧಾನದಿಂದ ತಿಳಿಸಿದ. ಫ್ಯಾನು ಮನುಷ್ಯರಿಗಲ್ಲ, ಇಂಜಿನಿಗೆ. ಕಾರು ಓಡುವಾಗ ಎದುರು ಗಾಳಿ ಸಿಗುತ್ತದೆ, ನಿಂತಾಗ ಫ್ಯಾನೇ ಗತಿ. ಅದು ತಾನಾಗಿ ತಿರುಗಬೇಕು, ಯಾರೂ ಇಲ್ಲದಾಗಲೂ.

"ಯಾರೂ ಇಲ್ಲದಾಗಲೂ," ಎಂದು ತಾರಾನಾಥರು ಕನ್ನಡದಲ್ಲಿ ಹೇಳಿಕೊಂಡರು. ಗ್ಯಾರೇಜಿನ ತಗಡಿನ ಮಾಡು, ಚನಿಯನ ಬೆವರಿದ ಕುತ್ತಿಗೆ ಕಣ್ಣಿಗೆ ಕಟ್ಟಿದವು. ಎಸಿ ಕೋಣೆಯಲ್ಲಿ ಅವರಿಗೆ ಬೆವರು ಬಂತು.

ತಪ್ಪು ಒಪ್ಪಿಕೊಳ್ಳಲು ಅವರು ಹಿಂದೆಮುಂದೆ ನೋಡಲಿಲ್ಲ. ಮರುದಿನವೇ ಜಗನ್ನಾಥರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದರು. ಜಗನ್ನಾಥರು ಕೊನೆಯವರೆಗೆ ಕೇಳಿ, ಅವರ ಕೈ ಹಿಡಿದುಕೊಂಡು, "ನಿಮ್ಮದು ದೊಡ್ಡ ಮನಸ್ಸು," ಎಂದರು.

"ದೊಡ್ಡ ಮನಸ್ಸಲ್ಲ ಮಾರಾಯ್ರೆ. ಫ್ಯಾನು ನಿಲ್ಲಿಸಿದ್ದು ನಾನೇ."

"ಬುದ್ಧಿ ಇರುವವರು ಯಾರಾದ್ರೂ ಕಾರಿನ ಫ್ಯಾನು ನಿಲ್ಲಿಸ್ತಾರಾ? ಊರಿನವನ ಮಾನ ಉಳಿಸ್ಲಿಕ್ಕೆ ಕತೆ ಕಟ್ತಾ ಇದ್ದೀರಿ. ನನಗೆ ಗೊತ್ತಾಗುವುದಿಲ್ವಾ?"

ಠಾಣೆಯಲ್ಲಿ ನಡೆದ ಹೋಟೆಲಿನವರ ಸಭೆಯಲ್ಲಿ ತಾರಾನಾಥರು ಮೈಕಿನ ಮುಂದೆ ನಿಂತು, ಸ್ವಿಚ್ಚಿನ ಜಾಗವನ್ನು ಕೈಯಲ್ಲಿ ತೋರಿಸಿ, ಮತ್ತೊಮ್ಮೆ ಹೇಳಿದರು. ಕೆಟ್ಟ ಮೆಕ್ಯಾನಿಕ್ಕಿಗಾಗಿ ಇಷ್ಟು ತಗ್ಗಿ ನಿಲ್ಲುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಕೆಲವರ ಕಣ್ಣು ಒದ್ದೆಯಾಯಿತು. ಅಧ್ಯಕ್ಷರು ತಮ್ಮ ಹೆಗಲ ಮೇಲಿದ್ದ ಶಾಲನ್ನೇ ತೆಗೆದು ಅವರಿಗೆ ಹೊದಿಸಿದರು. ಚನಿಯನ ಬಗ್ಗೆ ಆಡಿದ ಒಂದು ಕೆಟ್ಟ ಮಾತನ್ನು ಮೂವತ್ತು ಮಂದಿ ಊಟ ಮುಗಿಯುವುದರೊಳಗೆ ನಂಬಿದ್ದರು. ನಿಜವನ್ನು ನಂಬುವವರು ಒಬ್ಬರೂ ಸಿಗಲಿಲ್ಲ.

ಆ ಶಾಲನ್ನು ಮನೆಯಲ್ಲಿಡಲು ಮನಸ್ಸಾಗದೆ, ಹೊರಗೆ ಎಸೆಯಲೂ ಆಗದೆ, ತಾರಾನಾಥರು ಭಾನುವಾರ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಬದಲಾಪುರಕ್ಕೆ ಹೊರಟರು. ಸ್ಟೇಷನ್ನಿನ ಆಚೆ, ಒಂದು ತಗಡಿನ ಚಪ್ಪರದ ಕೆಳಗೆ ಚನಿಯ ಯಾರದೋ ಕೈಕೆಳಗೆ ಸ್ಕೂಟರ್ ರಿಪೇರಿ ಮಾಡುತ್ತಿದ್ದ. ಇವರನ್ನು ಕಂಡದ್ದೇ ಎದ್ದು, ಕೈ ಒರೆಸಿಕೊಂಡು, ಇದ್ದ ಒಂದೇ ಸ್ಟೂಲನ್ನು ಮುಂದಿಟ್ಟ.

"ನಾನೇ ಬರ್ಬೇಕು ಅಂತ ಇದ್ದೆ ತಾರಣ್ಣ," ಎಂದ. "ನಾಲ್ಕು ಮಂದಿ ಫೋನು ಮಾಡಿದ್ರು. ಸಭೆಯಲ್ಲಿ ನನ್ನ ಪರವಾಗಿ ಎಷ್ಟೆಲ್ಲ ಹೇಳಿದ್ರಂತೆ ನೀವು. ಹೋಗಿ ಒಂದು ನಮಸ್ಕಾರ ಮಾಡಿ ಬಾ ಅಂತ ಎಲ್ಲರೂ ಬೈತಾರೆ ನನಗೆ."

"ಚನಿಯ, ನಾನು ಹೇಳಿದ್ದು ನಿಜ," ಎಂದರು ತಾರಾನಾಥರು. ಕಾರಿನ ಬಾಗಿಲು ತೆರೆದು, ವರ್ಕ್‌ಶಾಪಿನವರು ಸ್ವಿಚ್ಚು ಕಿತ್ತ ಜಾಗದಲ್ಲಿ ಉಳಿದಿದ್ದ ಎರಡು ತೂತು ತೋರಿಸಿದರು.

ಚನಿಯ ಬಗ್ಗಿ ನೋಡಿದ. ತೂತಿನ ಮೇಲೆ ಬೆರಳಾಡಿಸಿದ.

"ನಾನು ಬಗ್ಗಿದ್ರೆ ತಿರುಗ್ತಿತ್ತು," ಎಂದ ಮೆಲ್ಲಗೆ. "ಎದ್ರೆ ನಿಲ್ತಿತ್ತು. ಇಂಜಿನ್ ತಣ್ಣಗಿದ್ರೂ ತಿರುಗ್ತಿತ್ತು. ನಾನು ಅದನ್ನು ನೋಡಿದ್ದೇನೆ ತಾರಣ್ಣ."

"ಮತ್ತೆ ಯಾಕೆ ವಯರು ಬಿಚ್ಚಿ ನೋಡ್ಲಿಲ್ಲ ಮಾರಾಯ?"

"ಕೈ ಹಾಕಿದ್ದೀರಾ ಅಂತ ಕೇಳಿದ್ದೆ. ಮುಟ್ಟಲೇ ಇಲ್ಲ ಅಂದ್ರಿ." ಚನಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿದ. "ಆಮೇಲೂ ಬಿಚ್ಚಿ ನೋಡಿದ್ರೆ, ನಿಮ್ಮ ಮಾತು ನಂಬಲಿಲ್ಲ ಅಂತ ಆಗ್ತಿತ್ತಲ್ಲ."

ತಾರಾನಾಥರು ಅವನನ್ನು ಡೊಂಬಿವಲಿಗೆ ಬಾ ಎಂದು ಕರೆದರು. ಶೆಡ್ ಬಿಟ್ಟಾಯಿತಲ್ಲ, ನೋಡುವ ಎಂದ ಚನಿಯ. ಚಹಾ ತರಿಸಿ ಕುಡಿಸಿದ. ಸ್ಕೂಟರಿನ ಗಿರಾಕಿ ಕಾಯುತ್ತಿದ್ದುದರಿಂದ ಮತ್ತೆ ಕೆಲಸಕ್ಕೆ ಕೂತ. ಶಾಲು ಹಿಂದಿನ ಸೀಟಿನಲ್ಲೇ ಉಳಿಯಿತು.

ಹಿಂದಿರುಗುವಾಗ ಉಲ್ಹಾಸನಗರದಲ್ಲಿ ರಸ್ತೆ ಅಗೆದು ಹಾಕಿದ್ದರು. ತಾರಾನಾಥರ ಕಾರು ಒಂದು ಗಂಟೆ ಹತ್ತು ನಿಮಿಷ ನಿಂತಲ್ಲೇ ನಿಂತಿತು. ಅವರು ಮುಳ್ಳನ್ನೇ ನೋಡುತ್ತ ಕೂತರು. ಫ್ಯಾನು ತಾನಾಗಿ ತಿರುಗಿತು, ತಾನಾಗಿ ನಿಂತಿತು, ಮತ್ತೆ ತಿರುಗಿತು. ಮುಳ್ಳು ನಡುಮಧ್ಯದಿಂದ ಕೂದಲೆಳೆಯಷ್ಟೂ ಮೇಲೇರಲಿಲ್ಲ. ಏರಿದ್ದರೆ ಚನಿಯನಿಗೆ ಫೋನು ಮಾಡಬಹುದಿತ್ತು.